ಕೂತಲ್ಲಿ ಕೂರದ ಡಾಕ್ಟರಬಾಯಿ

ಕಮಲಾಪುರದಲ್ಲಿ ಇಳಿಯಬೇಕಾದ ನಾನು ಹುಮನಾಬಾದಿನಲ್ಲಿ ಇಳಿದದ್ದು ಒಂದು ಸಲವಲ್ಲ. ಕಲಬುರ್ಗಿಯಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ ಮುಗಿಯಿತು. ಹೊರಗಿನ ತೊಗರಿ ಹೊಲ, ಅದರ ಮೇಲೆ ಹಾರುವ ಗಿಳಿಹಿಂಡು, ಮುಂದಿನ ಸೀಟಿನವರ ಜಗಳ, ಹಿಂದಿನ ದಿನ ಯಾರೋ ರೋಗಿ ಹೇಳಿದ ಮಾತು, ಎಲ್ಲ ಸೇರಿ ನನ್ನನ್ನು ಎಲ್ಲಿಗೋ ಕರೆದೊಯ್ಯುತ್ತಿದ್ದವು. ಕಮಲಾಪುರ ಬರುತ್ತಿತ್ತು, ಬಸ್ಸು ನಿಲ್ಲುತ್ತಿತ್ತು, ಜನ ಇಳಿದು ಹತ್ತುತ್ತಿದ್ದರು. ಕೆಂಪು ಬಾಳೆಹಣ್ಣಿನ ಬುಟ್ಟಿಯವಳು ನನ್ನ ಕಿಟಕಿಗೇ ಬಂದು ಕೂಗುತ್ತಿದ್ದಳು. ನಾನು ಹಣ್ಣು ಕೊಂಡು, ಸುಲಿದು ತಿನ್ನುತ್ತ, ಹಾಗೇ ಮುಂದಕ್ಕೆ ಹೋಗಿಬಿಡುತ್ತಿದ್ದೆ!

ಕೊನೆಗೆ ಆ ದಾರಿಯ ವಯಸ್ಸಾದ ಕಂಡಕ್ಟರೊಬ್ಬರು ನನ್ನ ಹೊಣೆ ಹೊತ್ತುಕೊಂಡರು. ಬಸ್ಸು ನಿಲ್ಲುತ್ತಲೇ ಹಿಂದಿನ ಬಾಗಿಲಿನಿಂದ ಕೂಗು ಬರುತ್ತಿತ್ತು. "ಅರೇ ಡಾಕ್ಟರಬಾಯಿ, ಉತ್ರೋ ಉತ್ರೋ! ತುಮ್ಹಾರಾ ಕಮಲಾಪೂರ್ ಆಗಯಾ. ಹಣ್ಣು ಆಮ್ಯಾಲ ತಿನ್ರಿ, ಮೊದ್ಲ ಇಳೀರಿ!" ಇಡೀ ಬಸ್ಸು ನಗುತ್ತಿತ್ತು. ನಾನೂ ನಗುತ್ತ, ಚೀಲ ಎಳೆದುಕೊಂಡು, ಛತ್ರಿಯನ್ನು ಅಲ್ಲೇ ಬಿಟ್ಟು ಇಳಿಯುತ್ತಿದ್ದೆ.

ಇಷ್ಟಕ್ಕೂ ನನ್ನ ಕೆಲಸ ಏನು ಗೊತ್ತೇ? ನಾನು ಮನೋವೈದ್ಯೆ. ಊರ ಮಂದಿಯ ತಲೆ ನೋಡುವವಳು. ಕಲಬುರ್ಗಿಯ ಐವಾನ್-ಎ-ಶಾಹಿ ಬಡಾವಣೆಯ ಕಡೆ ಇದ್ದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯೇ ನನ್ನ ದವಾಖಾನೆ. ವಾರಕ್ಕೊಮ್ಮೆ, ಸಂತೆಯ ದಿನ, ಕಮಲಾಪುರಕ್ಕೆ ಹೋಗಿ ಅಲ್ಲಿನ ಒಂದು ಸಣ್ಣ ದವಾಖಾನೆಯಲ್ಲಿ ಕೂತು ರೋಗಿಗಳನ್ನು ನೋಡುತ್ತಿದ್ದೆ. ಕೂತು ಅಂದೆನಲ್ಲ, ಅದೂ ಸುಳ್ಳೇ. ಕೂರುವುದು ನನ್ನ ಹಣೆಯಲ್ಲಿ ಬರೆದಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಚಿಕ್ಕವಳಿದ್ದಾಗಿನ ಮಾತು ಹೇಳುತ್ತೇನೆ. ಆಗ ಬೋರ್ಡುಗಳ ಮೇಲೆ ಗುಲ್ಬರ್ಗಾ, ನಮ್ಮ ಬಾಯಲ್ಲಿ ಕಲಬುರ್ಗಿ. ನಮ್ಮದು ಹಳೆಯ ವೈಷ್ಣವ ಮನೆ. ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಅಜ್ಜಿ ಬೆಳಗ್ಗೆ ಸ್ನಾನ ಮಾಡಿ, ಯಾರೂ ಮುಟ್ಟದ ಹಾಗೆ ಗಳದ ಮೇಲೆ ಒಣಹಾಕಿದ್ದ ಸೀರೆ ಉಟ್ಟು ಮಡಿಯಲ್ಲಿ ನಿಂತರೆ, ಅಡುಗೆ ಪೂಜೆ ಎಲ್ಲ ಮುಗಿಯುವ ತನಕ ಅವಳನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಮಡಿ ಹೋಯಿತು, ಮತ್ತೆ ತಲೆಯಿಂದ ನೀರು ಹೊಯ್ದುಕೊಳ್ಳಬೇಕು. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಹಿತ್ತಲಲ್ಲಿ ಒಂದು ಗಿಳಿಯ ಗರಿ ಸಿಕ್ಕಿತೆಂದರೆ, ಅದರ ಹಸಿರು ಬಿಸಿಲಿಗೆ ಹಿಡಿದಾಗ ಹೇಗೆ ನೀಲಿಗೆ ತಿರುಗುತ್ತದೆಂದು ನೋಡಿದೆನೆಂದರೆ, ಮಡಿ ಎಂಬುದೊಂದು ಜಗತ್ತಿನಲ್ಲಿದೆ ಎನ್ನುವುದೇ ಅಳಿಸಿಹೋಗುತ್ತಿತ್ತು. ಓಡಿ ಹೋಗಿ ಗರಿಯನ್ನು ಅಜ್ಜಿಯ ಕೈಯಲ್ಲೇ ಇಟ್ಟುಬಿಡುತ್ತಿದ್ದೆ.

"ಅಗಬಾಯಿ! ಮುಟ್ಟೇ ಬಿಟ್ಟೆಲ್ಲ! ಎಂಥಾ ವೇಂಧಳಿ ಇದು!"

ವೇಂಧಳಿ ಅಂದರೆ ಮರಾಠಿಯಲ್ಲಿ ಮೈಮೇಲೆ ಎಚ್ಚರ ಇಲ್ಲದವಳು. ಮನೆಯಲ್ಲಿ ಅದೇ ನನ್ನ ಹೆಸರಾಯಿತು. ಅಜ್ಜಿ ಬೈದುಕೊಂಡೇ ಬಚ್ಚಲಿಗೆ ಹೋಗುತ್ತಿದ್ದಳು, ಚಳಿಗಾಲದಲ್ಲಿ ನಡುಗುತ್ತ ಹೊರಬರುತ್ತಿದ್ದಳು. ಬಂದವಳು ದೂರ ನಿಂತು, "ಅಲ್ಲೇ ನಿಂತು ತೋರಸು. ಏನದು, ಗಿಳೀದೇನು?" ಎಂದು ಕಣ್ಣರಳಿಸಿ ನೋಡುತ್ತಿದ್ದಳು. ಅಪ್ಪ ಮಾತ್ರ ಬೆನ್ನಿಗೆ ಎರಡು ಕೊಟ್ಟೇ ಮುಂದಿನ ಮಾತು. ನನಗೆ ಏಟಿಗಿಂತ ಹೆಚ್ಚು ಕಾಡುತ್ತಿದ್ದದ್ದು ಬೇರೆ. ಅಜ್ಜಿಯನ್ನು ಮುಟ್ಟಬಾರದೆಂದು ತಿಳಿದಿದ್ದ ಹುಡುಗಿ ಆ ಗಳಿಗೆಯಲ್ಲಿ ಎಲ್ಲಿಗೆ ಹೋಗಿರುತ್ತಾಳೆ? ನನ್ನೊಳಗೇ ಇದ್ದು ನನಗೇ ಸಿಗದೆ ಹೋಗುವ ಅವಳು ಯಾರು? ಈ ಪ್ರಶ್ನೆಗೆ ನಾನು ಇಂದಿಗೂ ಬೆರಗಾಗುತ್ತೇನೆ.

ಓದಿದ್ದೂ ಹಾಗೇ. ಪುಸ್ತಕದ ಮುಂದೆ ಕೂತರೆ ಒಂದು ಅಕ್ಷರ ತಲೆಗೆ ಹತ್ತುತ್ತಿರಲಿಲ್ಲ. ಮಾಳಿಗೆಯ ಮೇಲೆ ಈ ತುದಿಯಿಂದ ಆ ತುದಿಗೆ ಅಡ್ಡಾಡುತ್ತ, ಗಟ್ಟಿಯಾಗಿ ಒದರುತ್ತ ಓದುತ್ತಿದ್ದೆ. ನಮ್ಮ ಓಣಿಯ ಮಂದಿಗೆಲ್ಲ ನನ್ನ ಜೀವಶಾಸ್ತ್ರದ ಪಾಠ ಬಾಯಿಪಾಠವಾಗಿತ್ತೆಂದು ಅಮ್ಮ ನಗುತ್ತಿದ್ದಳು. ಹೇಗೋ ಊರಲ್ಲೇ ವೈದ್ಯಕೀಯ ಓದಲು ಸೀಟು ಸಿಕ್ಕಿತು.

ಅಲ್ಲಿ ಒಂದು ದಿನ ನಮ್ಮ ಕೈಗೆ ಮನುಷ್ಯನ ಮಿದುಳನ್ನು ಕೊಟ್ಟರು. ಔಷಧದಲ್ಲಿಟ್ಟು ಗಟ್ಟಿಯಾದದ್ದು, ಬೂದುಬಣ್ಣ, ಘಾಟು ವಾಸನೆ. ಗೆಳತಿಯರು ಮೂಗು ಮುಚ್ಚಿಕೊಂಡರು. ನಾನು ಎರಡೂ ಬೊಗಸೆಯಲ್ಲಿ ಹಿಡಿದು ನಿಂತೆ. ಒಂದು ದೊಡ್ಡ ಬೆಲ್ಲದ ಹೆಂಟೆಯಷ್ಟಿದ್ದ ಆ ವಸ್ತು ಯಾರದೋ ತಾಯಿಯ ಮುಖ ನೆನಪಿಟ್ಟುಕೊಂಡಿತ್ತು, ಯಾರಿಗೋ ಬೈದಿತ್ತು, ಹಬ್ಬದ ಅಡುಗೆಯ ವಾಸನೆಗೆ ಹಸಿದಿತ್ತು. ಇಷ್ಟರಲ್ಲಿ ಅಷ್ಟೂ! ನನ್ನ ಕಾಲು ಅಲುಗಾಡುವುದು ನಿಂತಿತು. ಹೊರಗಿನ ಸದ್ದು ನಿಂತಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಪಾಠ ಮುಗಿಸಿ ಎಲ್ಲರೂ ಹೋದ ಮೇಲೆ ಗುರುಗಳು ಬಂದು, "ಏನ್ರೀ, ಮನೀಗೆ ಹೋಗಂಗಿಲ್ಲೇನು?" ಎಂದರು. ಮನೋವೈದ್ಯಶಾಸ್ತ್ರ ಓದಬೇಕೆಂದು ಅವತ್ತೇ ತೀರ್ಮಾನಿಸಿದೆ.

ಮುಂದೆ ರೋಗಿಗಳನ್ನು ನೋಡತೊಡಗಿದಾಗ ಇನ್ನೊಂದು ಸೋಜಿಗ ಕಂಡಿತು. ಹಾಲು ಉಕ್ಕಿಸುವ, ಕೀಲಿಕೈ ಕಳೆಯುವ, ಒಂದು ಮಾತು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುವ ನಾನು, ಎದುರಿಗೆ ಒಬ್ಬ ಮನುಷ್ಯ ತನ್ನ ಸಂಕಟ ಹೇಳತೊಡಗಿದರೆ ಪೂರ್ತಿ ಅವನ ಹತ್ತಿರ ಹೋಗಿಬಿಡುತ್ತಿದ್ದೆ. ಅವನು ಎಲ್ಲಿ ತಡವರಿಸಿದ, ಯಾವ ಮಾತಿಗೆ ಹೆಬ್ಬೆರಳು ಮಡಿಸಿದ, ಎಲ್ಲವೂ ನನ್ನಲ್ಲಿ ಉಳಿಯುತ್ತಿತ್ತು. ಆದರೆ ಅವನು ಎದ್ದುಹೋದ ಮೇಲೆ ನನ್ನ ಕನ್ನಡಕ ಎಲ್ಲಿಟ್ಟೆ ಅಂತ ಅವನನ್ನೇ ಕರೆದು ಕೇಳಬೇಕು. ಕನ್ನಡಕ ನನ್ನ ತಲೆಯ ಮೇಲೇ ಇರುತ್ತಿತ್ತು.

ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಡಪಡಿಕೆ, ಇದನ್ನು ನಾವು ಓದಿದ್ದು ಮಕ್ಕಳ ತೊಂದರೆ ಎಂದು. ದೊಡ್ಡವರಾದ ಮೇಲೆ ಹೋಗುತ್ತದೆ ಎಂದೇ ನಮ್ಮ ಪಾಠ. ತೊಂಬತ್ತರ ದಶಕದ ಕೊನೆಗೆ ಹೈದರಾಬಾದಿನಲ್ಲಿ ವೈದ್ಯರ ಒಂದು ತರಬೇತಿಗೆ ಹೋಗಿದ್ದೆ. ಅಲ್ಲಿ ಒಬ್ಬ ಹಿರಿಯ ವೈದ್ಯೆ, ಇದು ಎಷ್ಟೋ ಜನರಲ್ಲಿ ಬದುಕಿಡೀ ಇರುತ್ತದೆ, ಹೆಣ್ಣುಮಕ್ಕಳಲ್ಲಂತೂ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ವಿವರಿಸತೊಡಗಿದರು. ಅವರು ಒಂದೊಂದು ಲಕ್ಷಣ ಹೇಳಿದ ಹಾಗೂ ನನಗೆ ನಮ್ಮ ಮನೆಯ ಕಥೆಯನ್ನೇ ಯಾರೋ ಇವರಿಗೆ ಮುಟ್ಟಿಸಿದ್ದಾರೆ ಅನ್ನಿಸಿತು. ಊಟದ ಹೊತ್ತಿಗೆ ಹತ್ತಿರ ಹೋಗಿ ಕೇಳಿದೆ. ಅವರು ನಕ್ಕು, "ಬೆಳಿಗ್ಗೆಯಿಂದ ಹಿಂದಿನ ಗೋಡೆ ಪಕ್ಕ ಅಡ್ಡಾಡುತ್ತಿದ್ದವರು ನೀವೇ ತಾನೇ? ನಾನೇ ಕರೆಯೋಣ ಅಂತಿದ್ದೆ" ಎಂದರು. ಆಮೇಲೆ ಕೂರಿಸಿಕೊಂಡು, ಚಿಕ್ಕಂದಿನಿಂದ ಎಲ್ಲವನ್ನೂ ಕೇಳಿ, ಹೌದು ಎಂದರು. ಮಾತ್ರೆ ಕೊಟ್ಟರು.

ಅತ್ತುಬಿಟ್ಟೆ. ಹೈದರಾಬಾದಿನ ಆ ಗಿಜಿಗುಡುವ ರಸ್ತೆಯಲ್ಲಿ ನಿಂತು ಅತ್ತೆ. ದುಃಖಕ್ಕಲ್ಲ. ಅಲೆಯುವ ಆ ಹುಡುಗಿಗೆ ಒಂದು ಹೆಸರಿದೆ, ಅವಳಂಥವರು ಜಗತ್ತಿನಲ್ಲಿ ಬೇರೆಯವರೂ ಇದ್ದಾರೆ ಎಂಬುದೇ ನನಗೆ ತಡೆಯಲಾರದಷ್ಟು ದೊಡ್ಡ ಸುದ್ದಿ. ಆದರೆ ಊರಿಗೆ ಬಂದು ಗಂಡನಿಗೆ ಬಿಟ್ಟರೆ ಯಾರಿಗೂ ಹೇಳಲಿಲ್ಲ. ತಲೆಯ ಡಾಕ್ಟರಿಗೇ ತಲೆ ಸರಿಯಿಲ್ಲವಂತೆ ಎಂದು ಬಾಯಿಂದ ಬಾಯಿಗೆ ಹೋದರೆ ನನ್ನ ಬಾಗಿಲಿಗೆ ಯಾರು ಬರುತ್ತಾರೆ? ಸುಮ್ಮನೆ ಮಾತ್ರೆ ನುಂಗಿಕೊಂಡು ಇದ್ದೆ. ಮಾತ್ರೆಯಿಂದ ಇಳಿಯುವ ಊರು ತಪ್ಪುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

ಕಮಲಾಪುರದಲ್ಲಿ ನನ್ನ ಕೆಲಸದ ರೀತಿ ಬೇರೆಯೇ ಆಯಿತು. ಅಲ್ಲಿ ನನಗೆ ಕೊಟ್ಟಿದ್ದ ಕೋಣೆ ಎಷ್ಟು ಸಣ್ಣದೆಂದರೆ, ರೋಗಿಯ ಜೊತೆ ಬಂದ ಅತ್ತೆ, ಮಾವ, ಕಾಕಾ, ಪಕ್ಕದ ಮನೆಯವರು ಎಲ್ಲ ಒಳಗೆ ತುಂಬಿಕೊಂಡರೆ ನನಗೆ ಉಸಿರು ಕಟ್ಟುತ್ತಿತ್ತು. ರೋಗಿಯ ಬದಲು ಅವರೇ ಎಲ್ಲ ಉತ್ತರ ಕೊಡುತ್ತಿದ್ದರು. ನನಗೋ ಕಾಲು ನಿಲ್ಲದು. ಒಂದು ದಿನ ತಾಳಲಾರದೆ ಎದ್ದು, ಬಾಯಿಗೆ ಬೀಗ ಹಾಕಿಕೊಂಡಂತೆ ಕೂತಿದ್ದ ಒಬ್ಬ ಹೆಂಗಸಿಗೆ, "ಬಾ ತಂಗಿ, ಹೊರಗ ಅಡ್ಡಾಡಿ ಬರೋಣ" ಎಂದೆ. ದವಾಖಾನೆಯ ಹಿಂದೆ ಬಾಳೆತೋಟದ ಬದುವಿನ ಗುಂಟ ಒಂದು ಕಾಲುದಾರಿ. ಇಬ್ಬರೂ ಪಕ್ಕಪಕ್ಕ ನಡೆದೆವು. ಮುಖ ಮುಖ ನೋಡುವ ಕಷ್ಟವಿಲ್ಲ, ಕೇಳಿಸಿಕೊಳ್ಳಲು ಮನೆಯವರಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಆಕೆ ಮಾತಾಡತೊಡಗಿದಳು, ನಿಲ್ಲಿಸಲೇ ಇಲ್ಲ! ನನ್ನ ಚಡಪಡಿಕೆಯಿಂದಲೇ ಒಬ್ಬರ ಬಾಯಿ ಬಿಚ್ಚಿದ್ದು ಕಂಡು ನನಗೆ ಮೈ ಜುಮ್ಮೆಂದಿತು. ಅಂದಿನಿಂದ ನಾನು ಆ ಊರಿನಲ್ಲಿ ನಡೆದೇ ರೋಗಿಗಳನ್ನು ನೋಡಿದೆ. ಅಡ್ಡಾಡೋ ಡಾಕ್ಟರಬಾಯಿ ಎಂದು ಹೆಸರೂ ಬಿತ್ತು.

ಎರಡು ಸಾವಿರದ ಇಸವಿಯ ನಂತರದ ಒಂದು ಬೇಸಿಗೆಯಲ್ಲಿ ಆ ಕೋಣೆಗೆ ಒಬ್ಬ ಹಿರಿಯ ಹೆಂಗಸು ಬಂದರು. ಅಲ್ಲಿನದೇ ಪೂಜೆ ಪೌರೋಹಿತ್ಯದ ಮನೆತನ. ಮಡಿಲಲ್ಲಿ ನಿದ್ದೆ ಹೋದ ಹೆಣ್ಣುಕೂಸು. ಹಿಂದೆ ಬಾಗಿಲಿಗೆ ಆತು ನಿಂತಿದ್ದವಳು ಸೊಸೆ, ಕೂಸಿನ ತಾಯಿ. ಕಣ್ಣು ನೆಲದ ಮೇಲೆ, ಬೆರಳು ಸೆರಗಿನ ನೂಲು ಕೀಳುತ್ತಿತ್ತು. ಸೊಸೆಯ ತವರು ಕಲಬುರ್ಗಿ ಹತ್ತಿರದ ತಾಜಸುಲ್ತಾನಪುರ. ಗಂಡ ನೌಕರಿಗೆಂದು ಬೆಳಗಾದರೆ ಕಲಬುರ್ಗಿಗೆ ಹೋಗುವವನು, ತಾಯಿ ಹೇಳಿದ್ದಕ್ಕೆ ಹೂಂ ಎನ್ನುವವನು.

"ಡಾಕ್ಟರಬಾಯಾರ, ಒಂದು ಚೀಟಿ ಬರಕೊಡ್ರಿ. ಈಕಿ ತಲಿ ಸರಿ ಇಲ್ಲ ಅಂತ. ತವರಮನಿಗೆ ಕಳಸ್ತೇವಿ. ಕೂಸು ಮಾತ್ರ ನಮ್ಮ ಹಂತೇಲಿ ಇರ್ತದ."

ನಾನು ಚಿಕ್ಕಮ್ಮನನ್ನು ಕರೆಯುವ ಹಾಗೆ, "ಕಾಕು, ಮೊದಲು ಏನಾಗ್ಯದ ಹೇಳ್ರಿ" ಎಂದೆ.

"ನಾ ಕೆಟ್ಟಾಕಿ ಅಲ್ಲರಿ. ಮದುವಿ ಆದಾಗಿಂದ ತಡಕೊಂಡೀನಿ. ಹಾಲು ಉಕ್ಕಸ್ತಾಳ, ಸುಮ್ನಿದ್ದೆ. ಸಾರಿಗೆ ಎರಡು ಸಲ ಉಪ್ಪು ಹಾಕ್ತಾಳ, ಇಲ್ಲಾ ಹಾಕೂದೇ ಇಲ್ಲ, ಸುಮ್ನಿದ್ದೆ. ನಮ್ಮನ್ಯಾವರ ಶ್ರಾದ್ಧದ ದಿನ ಏನ್ ಮಾಡಿದ್ಲು ಕೇಳ್ರಿ. ಮಡೀಲೆ ಅಡಗಿ ಮಾಡಾಕತ್ತಿದ್ಲು. ಎಲಿ ಹಾಕೇದ, ಆಚಾರ್ರು ಕೂತಾರ. ಪಾಯಸದ ಪಾತ್ರಿ ಹಿಡಕೊಂಡು ಬಂದಾಕಿ ನಡುಮನ್ಯಾಗ ನಿಂತು, ಅತ್ಯಾ, ನಾ ಆಗಳೆ ಬಾಜೂ ಮನಿ ಕೂಸಿನ್ನ ಎತ್ತಿಕೊಂಡಿದ್ದೆ ಅಂದ್ಲು! ಎಲ್ಲಾರ ಮುಂದ! ಮಾಡಿದ ಅಡಗಿ ಅಷ್ಟೂ ಹೊರಗ ಹೋತು. ಮತ್ತ ಸ್ನಾನ, ಮತ್ತ ಒಲಿ. ಆಚಾರ್ರು ಹಸಕೊಂಡು ಕೂತ್ರು. ನಂಗ ಭೂಮಿ ಬಾಯಿ ಬಿಡಬಾರದಾ ಅನಿಸ್ತು."

ಅಯ್ಯೋ, ನನಗೆ ನಗು ಬಂತು. ನಮ್ಮಂಥ ಮನೆಗಳಲ್ಲಿ ಅದು ಎಂಥ ಅನಾಹುತ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತುಟಿ ಕಚ್ಚಿ ನಗು ನುಂಗಿದೆ. ಆದರೆ ಮುಂದಿನ ಮಾತು ಕೇಳಿ ಆ ನಗು ಸತ್ತೇಹೋಯಿತು.

"ಅದೂ ಹೋಗ್ಲಿ ಅಂದೆ. ಹೋದ ತಿಂಗಳು ಸಂತಿಗೆ ಹೋದಾಕಿ ಕೂಸಿನ್ನ ಅಲ್ಲೇ ಬಿಟ್ಟು ಬಂದ್ಲು. ಕಾಯಿಪಲ್ಯ ತಂದ್ಲು, ಕೂಸಿನ್ನ ತರ್ಲಿಲ್ಲ. ಕೂಸೆಲ್ಲೇ ಅಂದ್ರ ಕಣ್ಣು ಕಣ್ಣು ಬಿಟ್ಲು. ನಾ ಚಪ್ಪಲಿ ಇಲ್ದ ಓಡೀನ್ರಿ, ಈ ವಯಸ್ಸಿನ್ಯಾಗ. ಹಣ್ಣು ಮಾರಾಕಿ ತೊಡಿ ಮ್ಯಾಲ ಕೂತಿತ್ತು. ಯಾರರ ಎತ್ತಿಕೊಂಡು ಹೋಗಿದ್ರ? ಲಾರಿ ಕೆಳಗ ಬಿದ್ದಿದ್ರ? ಅವತ್ತಿಂದ ಕೂಸು ನನ್ನ ಕೈಯಾಗ. ಆಕಿ ಕೈಗೆ ಕೊಟ್ಟಿಲ್ಲ, ಕೊಡಂಗಿಲ್ಲ."

ಬಾಗಿಲ ಹತ್ತಿರ ಸೊಸೆಯ ಬೆರಳು ನಿಂತಿತು. ಈ ಮುದುಕಿಯ ಭಯ ಸುಳ್ಳಲ್ಲ. ನಾನು ಬರೆಯುವ ಒಂದು ಚೀಟಿಯಿಂದ ಒಬ್ಬ ತಾಯಿಯ ಮಡಿಲು ಬರಿದಾಗುತ್ತದೆ. ಬರೆಯದೆ ಕಳಿಸಿ, ನಾಳೆ ಕೂಸಿಗೆ ಏನಾದರೂ ಆದರೆ? ನಾನು ಎದ್ದೆ. "ಬಾ ತಂಗಿ, ಹೊರಗ ಅಡ್ಡಾಡೋಣ."

ಬಾಳೆತೋಟದ ಬದುವಿನ ಗುಂಟ ಇಬ್ಬರೂ ನಡೆದೆವು. ನಾನು ಅವಳನ್ನೇ ನೋಡುತ್ತಿದ್ದೆ. ಎಲೆಯ ಮರೆಯಲ್ಲಿ ಹಕ್ಕಿ ಕೂಗಿದರೆ ಅವಳ ಕತ್ತು ಆ ಕಡೆ. ದೂರದಲ್ಲಿ ನೀರೆತ್ತುವ ಮೋಟಾರು ಶುರುವಾದರೆ ಆ ಕಡೆ. ನನ್ನ ಕತ್ತೂ ಅವಳ ಜೊತೆಗೇ ತಿರುಗುತ್ತಿತ್ತು! ಇಬ್ಬರೂ ಒಟ್ಟಿಗೆ ತಿರುಗಿ, ಒಟ್ಟಿಗೆ ನೋಡಿ, ಅವಳು ನಾಚಿ ನಕ್ಕಳು. ಆಮೇಲೆ ನಾನು ಕೇಳಿದೆ, "ಆ ದಿನ ಬಾಜೂ ಮನಿ ಕೂಸಿನ್ನ ಯಾಕ ಎತ್ತಿಕೊಂಡಿ?"

"ಅಳಾಕತ್ತಿತ್ರೀ ಅಕ್ಕಾರ. ಹಿತ್ತಲದಾಗ ಕೆಂಪಿರುವಿ ಮುತ್ತಿದ್ದವು. ಮೈಯೆಲ್ಲಾ ಕಡದಿದ್ದವು."

"ಮನಿ ತುಂಬ ಮಂದಿ ಇದ್ರಲ್ಲ? ಬ್ಯಾರೆ ಯಾರಿಗೂ ಕೇಳಲಿಲ್ಲೇನು?"

"ಎಲ್ಲಾರೂ ಒಳಗ ಮಂತ್ರದ ಕಡೆ ಲಕ್ಷ್ಯ ಕೊಟ್ಟಿದ್ರು. ನಂಗ ಮಂತ್ರ ಕೇಳಲಿಲ್ಲ, ಅಳೂದು ಕೇಳ್ತು. ಓಡಿ ಹೋಗಿ ಝಾಡಿಸಿ, ಅವರವ್ವನ ಕೈಗೆ ಕೊಟ್ಟು ಬಂದೆ. ಬಂದು ಪಾಯಸ ತಿರುವಾಕತ್ತಿದೆ. ಮಡಿ ಹೋಗ್ಯದ ಅನ್ನೂದು ತಲ್ಯಾಗ ಬರಲೇ ಇಲ್ಲರಿ. ಬಡಸಾಕ ಹೋದಾಗ ನೆನಪಾತು."

"ಆಗ ಸುಮ್ನ ಇದ್ದಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲ."

ಅವಳು ನಿಂತು, ಮೊದಲ ಸಲ ನನ್ನ ಮುಖ ನೋಡಿದಳು. "ನಂಗ ಗೊತ್ತಿರ್ತದಲ್ಲರಿ. ಸತ್ತ ಹಿರಿಯಾರಿಗೆ ಮುಚ್ಚಿಟ್ಟು ಹೆಂಗ ಉಣಸೋದು?"

ಒಲೆಯ ಮೇಲಿನ ಹಾಲು ಕಾಣದ ಮನಸ್ಸಿಗೆ, ಎರಡು ಗೋಡೆಯಾಚೆ ಇರುವೆ ಕಡಿದ ಕೂಸಿನ ಅಳು ಕೇಳುತ್ತದೆ. ತಾನು ಎಲ್ಲಿಗೆ ಹೋಗಬೇಕೆಂದು ನಮ್ಮನ್ನು ಕೇಳದೆ ಹೋಗಿ ನಿಲ್ಲುವ ಈ ಗಮನವೆಂಬುದು ಎಂಥ ವಿಚಿತ್ರ ಪ್ರಾಣಿ! ಕೊರತೆ ಅಂತ ಬರೆಯುತ್ತವೆ ನಮ್ಮ ಪುಸ್ತಕಗಳು. ಬರೆದವರನ್ನು ಆ ಬದುವಿಗೆ ಕರೆತಂದು ನಿಲ್ಲಿಸಬೇಕು ಅನ್ನಿಸಿತು. ಅಷ್ಟೇ ಬೇಗ ಸಂತೆಯ ಮಾತೂ ನೆನಪಾಯಿತು. ಕೇಳಿದೆ. ಅವಳು ಹೇಳಲು ಹೋಗಿ ಹೇಳಲಾರದೆ, ಬದುವಿನ ಮೇಲೇ ಕುಸಿದಳು. ಮೆಂತ್ಯ ಆರಿಸಲು ಕೂಸನ್ನು ಕೆಳಗಿಳಿಸಿದ್ದಳಂತೆ, ಆ ಕಡೆ ಯಾರೋ ಜಗಳಾಡಿದರಂತೆ, ಅಷ್ಟೇ. "ಅತ್ಯಾ ಅಂದದ್ದು ಖರೆ ಅದರಿ. ನಾನೂ ಕೂಸಿಗೆ ಅಂಜತೇನಿ. ನನ್ನ ಕೈಗೆ ನಾನೇ ಕೊಡಂಗಿಲ್ಲ ಅನಸ್ತದ" ಎಂದು ಅತ್ತಳು.

ಒಳಗೆ ಬಂದಾಗ ಅತ್ತೆ ಹಾಗೇ ಕೂತಿದ್ದರು. ನಾನು ಪೆನ್ನು ಹುಡುಕಿದೆ, ಸಿಗಲಿಲ್ಲ. ಒಳ್ಳೆಯದೇ ಆಯಿತು.

"ಕಾಕು, ಚೀಟಿ ಬರಿಯಾಕ ನಂದೇನೂ ಅಡ್ಡಿ ಇಲ್ಲ. ಆದ್ರ ಎರಡು ಬರೀಬೇಕಾಗ್ತದ. ಒಂದು ಆಕಿಗೆ, ಒಂದು ನನಗ."

"ಏನಂದ್ರಿ?"

"ಆಕಿಗೆ ಇರೂದು ನನಗೂ ಅದ. ಹುಟ್ಟಿದಾಗಿಂದ ಅದ. ನಾನೂ ಹಾಲು ಉಕ್ಕಸ್ತೇನಿ, ಬಸ್ಸಿನ್ಯಾಗ ಹುಮನಾಬಾದಿಗೆ ಹೋಗಿ ಬರ್ತೇನಿ, ನಮ್ಮಜ್ಜಿ ಮಡಿ ಎಷ್ಟು ಸಲ ಕೆಡಿಸೀನೋ ದೇವರಿಗೇ ಗೊತ್ತು. ಇದು ಹುಚ್ಚಲ್ಲ. ಇದಕ್ಕ ಔಷಧ ಅದ, ನಾ ದಿನಾ ತೊಗೋತೇನಿ."

ಬಾಯಿಂದ ಬಿದ್ದೇಹೋಯಿತು. ಇಷ್ಟು ವರ್ಷ ಮುಚ್ಚಿಟ್ಟ ಮಾತು! ಆಕೆ ನನ್ನನ್ನು ಅಡಿಯಿಂದ ಮುಡಿಯತನಕ ನೋಡಿದರು.

"ಚೇಷ್ಟಿ ಮಾಡಾಕತ್ತೀರೇನು?"

"ಖರೇನ ಹೇಳ್ತೇನಿ."

"ಹಂಗಿದ್ರ ನಾ ನಿಮ್ಮ ಹಂತೇಲಿ ಯಾಕ ಬರಬೇಕು? ತಮ್ಮ ತಲಿ ನೆಟ್ಟಗಿಲ್ದವ್ರು ಮಂದಿ ತಲಿ ಏನ್ ನೋಡ್ತಾರ?"

ಇದೇ ಮಾತಿಗೆ ನಾನು ಇಷ್ಟು ದಿನ ಹೆದರಿದ್ದು. ಎದುರಿಗೆ ಬಂದಾಗ ಸಿಟ್ಟು ಬಂತು, ನನ್ನದು ಮೊದಲೇ ಶಾರ್ಟ್ ಟೆಂಪರು. ಆದರೆ ಆ ಕ್ಷಣ ಆಕೆಯ ಕೈ ಕಂಡಿತು. ಸಿಟ್ಟು ಇಳಿದುಹೋಯಿತು.

"ಕೇಳ್ರಿ ಕಾಕು. ನೀವು ಮಾತಾಡೂವಾಗ ಪಂಖಾದ ಗಾಳಿಗೆ ಕೂಸಿನ ಪಾದದ ಮ್ಯಾಲಿನ ಸೆರಗು ಸರೀತಿತ್ತು. ಶ್ರಾದ್ಧದ ಮಾತು ಹೇಳೂವಾಗ ಸಿಟ್ಟಿಲೇ ಮುಚ್ಚಿದ್ರಿ. ಸಂತಿ ಮಾತು ಹೇಳೂವಾಗ ಮುಚ್ಚಲಿಲ್ಲ, ಪಾದ ಮುಠ್ಠ್ಯಾಗ ಹಿಡಕೊಂಡ್ರಿ. ಇನ್ನೂ ಬಿಟ್ಟಿಲ್ಲ, ನೋಡ್ರಿ. ಲಾರಿ ಅಂದಾಗ ನಿಮ್ಮ ಧ್ವನಿ ಹೋತು. ನೀವು ಸೊಸೀನ್ನ ಹೊರಗ ಹಾಕಬೇಕಂತ ಬಂದಿಲ್ಲ. ನಿಮಗ ಅಂಜಿಕಿ ಅದ. ನನ್ನ ತಲಿ ಹಾಲಿನ ಕಡೆ ನಿಲ್ಲಂಗಿಲ್ಲ ಖರೆ, ಮನಷ್ಯಾರ ಕಡೆ ನಿಲ್ತದ."

ಆಕೆ ಕೆಳಗೆ ನೋಡಿಕೊಂಡರು. ಕೂಸಿನ ಎರಡೂ ಪಾದ ಅವರ ಮುಷ್ಟಿಯಲ್ಲಿದ್ದವು. ಕಣ್ಣಿನಿಂದ ನೀರು ಇಳಿದು ಅದೇ ಪಾದಗಳ ಮೇಲೆ ಬಿತ್ತು. "ಈಕಿಗೆ ಏನಾದ್ರೂ ಆದ್ರ ನಾ ಬದುಕಂಗಿಲ್ಲರಿ" ಎಂದರು. ಯಾರಿಗೆ ಎಂದು ನಾನು ಕೇಳಲಿಲ್ಲ.

ಅಂದು ಯಾವ ಚೀಟಿಯೂ ಬರೆಯಲಿಲ್ಲ. ಔಷಧದ ವಿಷಯ ಹೇಳಿದೆ, ಹೈದರಾಬಾದಿನಿಂದ ತರಿಸಿಕೊಡುತ್ತೇನೆಂದೆ. ಅಡುಗೆ ಮಾಡುವಾಗ ಪ್ರತಿ ಕೆಲಸವನ್ನೂ ಬಾಯಿಬಿಟ್ಟು ಹೇಳುತ್ತ ಮಾಡಲಿ, ನೀವು ಕೇಳುತ್ತ ಕೂತಿರಿ ಎಂದೆ. ಕೂಸಿನ ವಿಷಯಕ್ಕೆ ಒಂದೇ ಕಟ್ಟಳೆ: ಹೊರಗೆ ಹೋದಾಗ ಕೂಸನ್ನು ಕೆಳಗಿಳಿಸಬೇಕಾಯಿತೋ, ಅಲ್ಲಿಗೆ ಎಲ್ಲ ಕೆಲಸ ಮುಗಿದಂತೆ, ಕೈ ಹಿಡಿದು ಮನೆಗೆ ಬರಬೇಕು. ಅತ್ತೆ, "ವಿಚಾರ ಮಾಡ್ತೇನಿ" ಎಂದಷ್ಟೇ ಹೇಳಿ, ಕೂಸನ್ನು ತಾವೇ ಹೆಗಲಿಗೆ ಹಾಕಿಕೊಂಡು ಹೋದರು. ಮುಂದಿನ ವಾರ ಬರಲಿಲ್ಲ. ನನ್ನ ಮಾತು ಊರು ತುಂಬ ಹಬ್ಬಿರಬೇಕೆಂದು ಚಡಪಡಿಸಿದೆ. ಅದರ ಮುಂದಿನ ವಾರ ಸೊಸೆಯನ್ನು ಮುಂದೆ ಬಿಟ್ಟುಕೊಂಡು ಬಂದರು, "ನೀವು ನುಂಗೂ ಗುಳಿಗೀನ ಕೊಡ್ರಿ" ಎಂದರು. ನಾನು ಅವಳನ್ನು ಪರೀಕ್ಷಿಸಿ, ಅವಳ ಮೈಗೆ ತಕ್ಕಷ್ಟು ಕೊಟ್ಟೆ. ಆಮೇಲೆ ತಪ್ಪದೆ ಬರತೊಡಗಿದರು. ಅಡುಗೆ ಸುಧಾರಿಸಿತು ಎಂದರು. ಸೊಸೆಯ ಮುಖಕ್ಕೆ ಕಳೆ ಬಂತು. ಕೂಸು ಮಾತ್ರ ಅತ್ತೆಯ ಮಡಿಲಲ್ಲೇ ಇರುತ್ತಿತ್ತು. ತಾಯಿ ಅದನ್ನು ದೂರದಿಂದ ನೋಡುತ್ತಿದ್ದಳು. ನಾನು ಕೇಳಲು ಹೋಗಲಿಲ್ಲ, ಕೇಳಿ ಪಡೆಯುವಂಥದ್ದಲ್ಲ ಅದು.

ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ದಿನ ಅತ್ತೆ ಒಬ್ಬರೇ ಬಂದರು. ಮಡಿಲಲ್ಲಿ ಕೂಸಿಲ್ಲ, ಹಿಂದೆ ಸೊಸೆಯಿಲ್ಲ. ಕಳಿಸಿಬಿಟ್ಟರು, ತಾಜಸುಲ್ತಾನಪುರಕ್ಕೆ ಕಳಿಸಿಬಿಟ್ಟರು ಎಂದುಕೊಂಡೆ.

"ಕಾಕು, ಎಲ್ಲಿ ಅವರು?"

"ಸಂತಿಗೆ ಹೋಗ್ಯಾರ."

"ಯಾರ ಜೋಡಿ?"

"ಇಬ್ಬರೇ."

ಕುರ್ಚಿ ತೋರಿಸಿದೆ. ಬೇಡವೆಂದು ಹೊರಗಿನ ಕಟ್ಟೆಯ ಮೇಲೆ, ರಸ್ತೆ ಕಾಣುವ ಹಾಗೆ ಕೂತರು. "ನಾನೇ ಕಳಿಸೀನಿ. ಕಳಿಸಿದ ಮ್ಯಾಲ ಮನ್ಯಾಗ ಜೀವ ನಿಲ್ಲಲಿಲ್ಲ. ನಿಮ್ಮ ಹಂತೇಲಿ ಕೂಡ್ತೇನಿ ಅಂತ ಬಂದೆ" ಎಂದರು. ಕೈಗಳು ಖಾಲಿ ಮಡಿಲನ್ನು ಸವರುತ್ತಿದ್ದವು. ನಾನು ಉಳಿದ ರೋಗಿಗಳಿಗೆ ಸ್ವಲ್ಪ ತಡೆಯಲು ಹೇಳಿ ಪಕ್ಕದಲ್ಲಿ ಕೂತೆ. ಹೊತ್ತು ಹೋಯಿತು. ಸಂತೆಯಿಂದ ಜನ ಚೀಲ ಹೊತ್ತು ಬರುತ್ತಿದ್ದರು, ಅವರಿಬ್ಬರು ಬರಲಿಲ್ಲ. ಆಕೆ ಒಮ್ಮೆ ದಡಕ್ಕನೆ ಎದ್ದು, ರಸ್ತೆಯ ಕಡೆ ಹೆಜ್ಜೆ ಇಟ್ಟು, ನಿಂತರು. ನಾನು ತಡೆಯಲೂ ಇಲ್ಲ, ಹೋಗಿ ಎನ್ನಲೂ ಇಲ್ಲ.

"ಹೋಗಬಾರದು" ಎಂದು ತಮಗೆ ತಾವೇ ಹೇಳಿಕೊಂಡರು. "ಹೋದ್ರ ನಾ ಅಂಜೀನಿ ಅಂತ ಆಕಿಗೆ ಗೊತ್ತಾಗ್ತದ."

ಮತ್ತೆ ಬಂದು ಕೂತರು. ತುಟಿ ಸದ್ದಿಲ್ಲದೆ ದೇವರ ಹೆಸರು ಹೇಳುತ್ತಿತ್ತು. ಮನುಷ್ಯರ ಮನಸ್ಸನ್ನು ಓದುವುದೇ ನನ್ನ ಕಸುಬು. ಎಷ್ಟೋ ಧೈರ್ಯ ನೋಡಿದ್ದೇನೆ. ಎದ್ದು ಓಡಬೇಕೆನ್ನುವ ಇಡೀ ಮೈಯನ್ನು ಆ ಕಟ್ಟೆಯ ಮೇಲೆ ಹಿಡಿದು ಕೂರಿಸಿದ್ದ ಆ ಮುದುಕಿಯ ಮುಂದೆ ನಾನು ಸಣ್ಣವಳಾಗಿಹೋದೆ. ನಾನೂ ಅಲುಗಾಡದೆ ಕೂತೆ.

ದೂರದ ತಿರುವಿನಲ್ಲಿ ಅವರು ಕಂಡರು. ತಾಯಿಯ ಕೈಯಲ್ಲಿ ಕೂಸಿನ ಕೈ. ಕೂಸು ರಾಡಿಯಲ್ಲಿ ಕಾಲು ಹಾಕುತ್ತ, ನಿಲ್ಲುತ್ತ, ಏನೋ ತೋರಿಸುತ್ತ ಬರುತ್ತಿತ್ತು. ಅದು ನಿಂತಲ್ಲೆಲ್ಲ ಅವಳೂ ನಿಂತು ನೋಡುತ್ತಿದ್ದಳು. ತಡವಾದದ್ದು ಅದಕ್ಕೇ.

ಅತ್ತೆ ಉಸಿರು ಬಿಟ್ಟು ಎದ್ದರು. ಅವರನ್ನು ಎದುರುಗೊಳ್ಳಲು ಹೋಗುತ್ತಾರೆಂದುಕೊಂಡೆ. ಇಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ದವಾಖಾನೆಯ ಹಿಂದಿನ ಬಾಳೆತೋಟದ ದಾರಿಗೆ ತಿರುಗಿದರು. ನನ್ನ ಮೊಣಕೈ ಹಿಡಿದು ಕಿವಿಯ ಹತ್ತಿರ ಬಂದು, "ನಾ ಇಲ್ಲಿ ಕೂತಿದ್ದೆ ಅಂತ ಆಕಿಗೆ ಹೇಳಬ್ಯಾಡ್ರಿ" ಎಂದರು. ಸೊಸೆಗಿಂತ ಮೊದಲು ಮನೆ ಸೇರಬೇಕೆಂದು, ಸೀರೆ ಎತ್ತಿ ಹಿಡಿದು, ಆ ವಯಸ್ಸಿನಲ್ಲಿ ಓಡುವ ಹಾಗೆ ನಡೆದು ಹೋದರು.